ಬಣ್ಣ ಇಳಿಸುವುದು ಶಾಂಪೂಗಿಂತ ಹೆಚ್ಚಾಗಿ ನೀರು

ಕೂದಲಿಗೆ ಬಣ್ಣ ಹಾಕಿಸಿಕೊಂಡು ಮೂರು ವಾರವಾಗುವ ಹೊತ್ತಿಗೆ ಕೇಳಿಬರುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ಬಣ್ಣ ಮಾಸುತ್ತಿದೆ, ಯಾವ ಶಾಂಪೂ ಒಳ್ಳೆಯದು?’ ಶಾಂಪೂ ಮುಖ್ಯವೇ. ಆದರೆ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ವಾರಕ್ಕೆ ಎಷ್ಟು ಸಲ ತಲೆಗೆ ನೀರು ಬೀಳುತ್ತದೆ, ಆ ನೀರು ಎಷ್ಟು ಬಿಸಿಯಿರುತ್ತದೆ, ಕೂದಲು ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂಬುದು. ಒಳಗೆ ಸೇರಿದ ಬಣ್ಣವನ್ನು ಹೊರಗೆ ಎಳೆದುಕೊಂಡು ಹೋಗುವುದು ಬಹುಮಟ್ಟಿಗೆ ನೀರೇ. ದುಬಾರಿ ಬಾಟಲಿ ಕೊಂಡು ದಿನವೂ ಬಿಸಿನೀರಿನಲ್ಲಿ ತಲೆ ತೊಳೆದರೆ ಆ ಹಣವೂ ಬಣ್ಣದ ಜೊತೆ ಹರಿದುಹೋಗುತ್ತದೆ.

ಇದು ಯಾಕೆಂದು ತಿಳಿಯಲು ಬಣ್ಣ ಒಳಗೆ ಹೋದ ದಾರಿಯನ್ನು ನೋಡಬೇಕು. ಕೂದಲಿನ ಹೊರಪದರ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಒರಗಿದ ಚಿಪ್ಪುಗಳಿಂದಾದದ್ದು. ಅದರ ಮೇಲ್ಮೈಯಲ್ಲಿ ನೀರನ್ನು ದೂರವಿಡುವ ತೆಳುವಾದ ಕೊಬ್ಬಿನ ಲೇಪ ಇರುತ್ತದೆ. ಪರ್ಮನೆಂಟ್ ಬಣ್ಣದಲ್ಲಿರುವ ಅಮೋನಿಯ ಕೂದಲನ್ನು ಉಬ್ಬಿಸಿ ಚಿಪ್ಪುಗಳನ್ನು ಎತ್ತುತ್ತದೆ. ಬಣ್ಣದ ಸಣ್ಣ ಕಣಗಳು ಒಳಗಿಳಿಯುತ್ತವೆ. ಬಣ್ಣದ ಜೊತೆ ಕಲಸುವ ಡೆವಲಪರ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅವನ್ನು ಅಲ್ಲಿಯೇ ಒಂದಕ್ಕೊಂದು ಬೆಸೆದು, ಸುಲಭವಾಗಿ ಹೊರಬಾರದಷ್ಟು ದೊಡ್ಡದು ಮಾಡುತ್ತದೆ. ಈ ಕೆಲಸದಲ್ಲಿ ಮೇಲಿನ ಕೊಬ್ಬಿನ ಲೇಪ ಹರಿದುಹೋಗುತ್ತದೆ. ಮೊದಲು ನೀರನ್ನು ಜಾರಿಸುತ್ತಿದ್ದ ಕೂದಲು ಈಗ ನೀರನ್ನು ಹೀರತೊಡಗುತ್ತದೆ. ಒದ್ದೆಯಾದಾಗ ಊದಿಕೊಳ್ಳುತ್ತದೆ, ಒಣಗಿದಾಗ ಕುಗ್ಗುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಬಣ್ಣ ಸೋರುತ್ತದೆ. ‘ಅಮೋನಿಯ ಇಲ್ಲ’ ಎಂದು ಬರೆದ ಪೊಟ್ಟಣಗಳಲ್ಲಿಯೂ ಸಾಮಾನ್ಯವಾಗಿ ಎಥನಾಲಮೀನ್‌ನಂಥ ಬೇರೊಂದು ಕ್ಷಾರ ಇರುತ್ತದೆ. ಘಾಟು ಕಡಿಮೆ, ಆದರೆ ಕೂದಲಿನ ಮೇಲಿನ ಕೆಲಸ ಅದೇ ಬಗೆಯದು.

ಸೆಮಿ-ಪರ್ಮನೆಂಟ್ ಬಣ್ಣಗಳ ಕತೆ ಬೇರೆ. ಅವು ಒಳಗೆ ಬೆಸೆದುಕೊಳ್ಳುವುದಿಲ್ಲ, ಹೊರಪದರಕ್ಕೆ ಅಂಟಿ ಕೂರುತ್ತವೆ. ನಾಲ್ಕರಿಂದ ಹನ್ನೆರಡು ತೊಳೆತದಲ್ಲಿ ಇಳಿಯುವುದು ಅವುಗಳ ಸ್ವಭಾವ. ಕೆಂಪು ಛಾಯೆಗಳು ಯಾವ ಬಗೆಯಲ್ಲಿದ್ದರೂ ಬೇಗ ಮಾಸುತ್ತವೆ. ಕೆಂಪು ಆರಿಸಿಕೊಂಡವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಬಣ್ಣ ಹಾಕಿದ ಮೇಲೆ ಎರಡು ಮೂರು ದಿನ ತಲೆ ತೊಳೆಯದಿರಿ. ಆಮೇಲೆ ವಾರಕ್ಕೆ ಎರಡು ಸಲ, ನೆತ್ತಿ ಬೇಗ ಜಿಡ್ಡಾಗುವವರಿಗೆ ಮೂರು ಸಲ ಸಾಕು. ನಡುವಿನ ದಿನಗಳಲ್ಲಿ ಬುಡ ಅಂಟಂಟಾದರೆ ಡ್ರೈ ಶಾಂಪೂವನ್ನು ಸುಮಾರು 20 ಸೆಂ.ಮೀ. ದೂರದಿಂದ ಬುಡಕ್ಕಷ್ಟೇ ಸಿಂಪಡಿಸಿ, ಎರಡು ನಿಮಿಷ ಬಿಟ್ಟು ಬಾಚಿ ತೆಗೆಯಿರಿ. ಸ್ನಾನಕ್ಕೆ ಹೋಗುವಾಗ ಕೂದಲು ಎತ್ತಿಕಟ್ಟಿ ಕ್ಯಾಪ್ ಹಾಕುವುದನ್ನು ಹಲವರು ಮರೆಯುತ್ತಾರೆ. ಶಾಂಪೂ ಹಾಕದೆ ಬರೀ ನೀರು ಬಿದ್ದರೂ ಅದು ಒಂದು ತೊಳೆತವೇ.

ತೊಳೆಯುವ ದಿನ ಮೊದಲು ಒಣಗೂದಲಿನ ಸಿಕ್ಕು ಬಿಡಿಸಿಕೊಳ್ಳಿ. ನೀರು ಉಗುರುಬೆಚ್ಚಗಿರಲಿ, ಮೈಯ ಬಿಸಿಗಿಂತ ಹೆಚ್ಚು ಬೇಡ. ಭುಜದವರೆಗಿನ ಕೂದಲಿಗೆ ಒಂದರಿಂದ ಎರಡು ಟೀ ಚಮಚ ಶಾಂಪೂ ಸಾಕು. ಅಂಗೈಯಲ್ಲಿ ನೀರು ಬೆರೆಸಿ ತೆಳುಮಾಡಿ ನೆತ್ತಿಗೆ ಮಾತ್ರ ಹಚ್ಚಿ, ಬೆರಳ ತುದಿಯಿಂದ ಒಂದು ನಿಮಿಷ ಉಜ್ಜಿ. ಉದ್ದಕ್ಕೆ ಶಾಂಪೂ ತಿಕ್ಕಬೇಡಿ. ಕೊಳೆ ಮತ್ತು ಜಿಡ್ಡು ಇರುವುದು ಬುಡದಲ್ಲಿ. ತೊಳೆಯುವಾಗ ಇಳಿದುಬರುವ ನೊರೆಯೇ ತುದಿಗಳಿಗೆ ಸಾಕಾಗುತ್ತದೆ. ಕಂಡಿಷನರ್ ಹಚ್ಚುವ ಮುನ್ನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದು ನೀರು ಹಿಂಡಿ. ತೊಟ್ಟಿಕ್ಕುವ ಕೂದಲಿಗೆ ಹಚ್ಚಿದ ಕಂಡಿಷನರ್ ಅರ್ಧಕ್ಕರ್ಧ ನೆಲಕ್ಕೇ ಹೋಗುತ್ತದೆ. ‘ಕಂಡಿಷನರ್ ನನಗೆ ಕೆಲಸ ಮಾಡುವುದಿಲ್ಲ’ ಎನ್ನುವವರಲ್ಲಿ ಎಷ್ಟೋ ಮಂದಿಯ ತೊಂದರೆ ಇದೇ. ಕಿವಿಯ ಮಟ್ಟದಿಂದ ಕೆಳಕ್ಕೆ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಾಚಿ, ತೊಳೆಯಿರಿ. ಕೊನೆಯಲ್ಲಿ ತಣ್ಣೀರು ಸುರಿದರೆ ಚಿಪ್ಪುಗಳು ಮುಚ್ಚಿಕೊಳ್ಳುತ್ತವೆ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಆ ಕೆಲಸ ಮಾಡುವುದು ಕಂಡಿಷನರ್‌ನ ಹುಳಿಗುಣ. ಟವೆಲಿನಲ್ಲಿ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಒದ್ದೆ ಕೂದಲಿನ ಊದಿದ ಚಿಪ್ಪುಗಳು ತಿಕ್ಕಾಟಕ್ಕೆ ಮುರಿಯುತ್ತವೆ.

ಎಣ್ಣೆ ಹಚ್ಚಿದರೆ ಬಣ್ಣ ಇಳಿಯುತ್ತದೆ ಎಂಬ ಅನಗತ್ಯ ಭಯವಿದೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯಬಲ್ಲದು. ತೊಳೆಯುವ ಮುನ್ನ ಹಚ್ಚಿದರೆ ಕೂದಲು ನೀರು ಹೀರುವುದೂ ಪ್ರೋಟೀನ್ ಕಳೆದುಕೊಳ್ಳುವುದೂ ಕಡಿಮೆಯಾಗುತ್ತದೆ. ತೊಂದರೆ ಎಣ್ಣೆಯದಲ್ಲ, ಅದನ್ನು ತೆಗೆಯಲು ಎರಡು ಮೂರು ಸಲ ಶಾಂಪೂ ಹಾಕುವುದರದ್ದು. ಒಂದು ಟೀ ಚಮಚದಷ್ಟನ್ನು ಉದ್ದಕ್ಕೂ ತುದಿಗೂ ಸವರಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ಒಂದೇ ಸಲದ ಶಾಂಪೂವಿನಲ್ಲಿ ಹೋಗುವಂತೆ ನೋಡಿಕೊಳ್ಳಿ. ಎಣ್ಣೆ ಕಾಯಿಸುವುದು ಬೇಡ, ಅದರಲ್ಲೂ ಸೆಮಿ-ಪರ್ಮನೆಂಟ್ ಬಣ್ಣವಿದ್ದರೆ.

ಇನ್ನು ಶಾಂಪೂ. ನೊರೆ ತರಿಸಿ ಕೊಳೆ ತೆಗೆಯುವ ಸೋಡಿಯಂ ಲಾರಿಲ್ ಸಲ್ಫೇಟ್ ಬಾಟಲಿಯ ಮೇಲಿನ ಪದಾರ್ಥಗಳ ಪಟ್ಟಿಯ ಮೊದಲಲ್ಲೇ ಇರುವುದಕ್ಕಿಂತ, ಕೋಕಮಿಡೋಪ್ರೊಪಿಲ್ ಬೀಟೇನ್ ಅಥವಾ ಸೋಡಿಯಂ ಕೋಕೋಯಿಲ್ ಐಸೆಥಯೊನೇಟ್‌ನಂಥವು ಇರುವುದು ಮೃದು. ತಲೆಹೊಟ್ಟು ಇರುವವರು ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂವಿನ ಬಗ್ಗೆ ಎಚ್ಚರವಿರಲಿ, ಅದು ಬಣ್ಣ ಹಾಕಿದ ಕೂದಲಿನ ಛಾಯೆ ಬದಲಿಸಬಲ್ಲದು. ಅಡಿಗೆ ಸೋಡಾ, ನಿಂಬೆರಸಗಳ ಮನೆಮದ್ದು ಬೇಡವೇ ಬೇಡ. ಸೋಡಾ ಕ್ಷಾರೀಯ, ಮತ್ತೆ ಕೂದಲನ್ನು ಉಬ್ಬಿಸುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬಣ್ಣ ತೆಳುವಾಗುತ್ತದೆ.

ಎಲ್ಲ ಸರಿಯಾಗಿ ಮಾಡಿಯೂ ಬಣ್ಣ ಮಂಕಾಗಿ, ಕೂದಲು ಒರಟಾಗಿದ್ದರೆ ನೀರು ಗಡಸಾಗಿರಬಹುದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಪದರವಾಗಿ ಕೂರುತ್ತವೆ. ಕಬ್ಬಿಣದಂಶ ತಿಳಿಬಣ್ಣಕ್ಕೆ ಕಂದು ಮಸುಕು ತರುತ್ತದೆ. ಇದಕ್ಕೆ ಇಡಿಟಿಎ ಇರುವ, ಈ ಲೋಹದಂಶಗಳನ್ನು ಹಿಡಿದು ತೆಗೆಯುವ ಕೀಲೇಟಿಂಗ್ ಶಾಂಪೂವನ್ನು ಮೂರು ನಾಲ್ಕು ವಾರಕ್ಕೊಮ್ಮೆ ಬಳಸಿ, ಹಿಂದೆಯೇ ಮಾಸ್ಕ್ ಹಚ್ಚಿ. ಅದಕ್ಕಿಂತ ಹೆಚ್ಚು ಸಲ ಬೇಡ, ಅದು ಬಣ್ಣವನ್ನೂ ತೆಗೆಯುತ್ತದೆ. ಈಜುಕೊಳದಲ್ಲಿ ಬ್ಲೀಚ್ ಮಾಡಿದ ಕೂದಲು ಹಸಿರಾಗುವುದು ಕ್ಲೋರಿನ್‌ನಿಂದ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಆ ಹಸಿರು ನೀರಿನಲ್ಲಿ ಕರಗಿದ ತಾಮ್ರದ್ದು. ಇಳಿಯುವ ಮುನ್ನ ಕೂದಲನ್ನು ಶುದ್ಧ ನೀರಿನಲ್ಲಿ ನೆನೆಸಿ, ಕಂಡಿಷನರ್ ಸವರಿ, ಕ್ಯಾಪ್ ಹಾಕಿ. ಮೊದಲೇ ನೀರು ಕುಡಿದ ಕೂದಲು ಕೊಳದ ನೀರನ್ನು ಕಡಿಮೆ ಹೀರುತ್ತದೆ.

ಬ್ಲೀಚ್ ಮಾಡಿದ ಕೂದಲು ಹಳದಿಗೆ ತಿರುಗಿದರೆ ನೇರಳೆ ಶಾಂಪೂ, ಕಿತ್ತಳೆಗೆ ತಿರುಗಿದರೆ ನೀಲಿ ಶಾಂಪೂ. ಕಪ್ಪು ಕೂದಲನ್ನು ಕಂದಿಗೆ ಏರಿಸಿದವರಿಗೆ ಬರುವುದು ಕಿತ್ತಳೆ. ಅವರು ನೇರಳೆ ಹಚ್ಚಿ ಏನೂ ಆಗಲಿಲ್ಲ ಎಂದು ಬೇಸರಪಡುತ್ತಾರೆ. ವಾರಕ್ಕೊಮ್ಮೆ, ಎರಡು ಮೂರು ನಿಮಿಷ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಸವೆದ ತುದಿಗಳು ಅದನ್ನು ಹೀರಿ ಬೂದುನೇರಳೆಯಾಗುತ್ತವೆ. ಇವು ಬಣ್ಣ ತೆಗೆಯುವುದಿಲ್ಲ, ಬೇಡದ ಛಾಯೆಯನ್ನು ಮರೆಮಾಡುತ್ತವೆ ಅಷ್ಟೆ.

ಸ್ಟ್ರೈಟ್ನರ್ 180 ಡಿಗ್ರಿ ಸೆಲ್ಸಿಯಸ್ ದಾಟದಿರಲಿ, ಬ್ಲೀಚ್ ಆದ ಕೂದಲಿಗೆ 150ರ ಆಸುಪಾಸು ಸಾಕು. ಒದ್ದೆ ಕೂದಲಿಗೆ ಎಂದೂ ಬೇಡ: ಒಳಗಿನ ನೀರು ಆವಿಯಾಗಿ ಕೂದಲಿನೊಳಗೇ ಗುಳ್ಳೆ ಏಳುತ್ತದೆ, ಆ ಜಾಗದಲ್ಲಿ ಎಳೆ ಮುರಿಯುತ್ತದೆ. ಬಿಸಿಲೂ ಬಣ್ಣ ಒಡೆಯುತ್ತದೆ, ಟೋಪಿ ಅಥವಾ ಬಟ್ಟೆ ಇರಲಿ.

ತಿಂಗಳಿಗೊಮ್ಮೆ ಒಂದು ಒದ್ದೆ ಎಳೆಯನ್ನು ಮೆಲ್ಲಗೆ ಎಳೆದು ನೋಡಿ. ಸ್ವಲ್ಪ ಹಿಗ್ಗಿ ಹಿಂದಕ್ಕೆ ಬಂದರೆ ಕೂದಲು ಚೆನ್ನಾಗಿದೆ. ಚೂಯಿಂಗ್ ಗಮ್‌ನಂತೆ ಎಳೆದಷ್ಟೂ ಬಂದು ಹಾಗೇ ಉಳಿದರೆ ಪ್ರೋಟೀನ್ ಮಾಸ್ಕ್ ಬೇಕು, ಎರಡು ಮೂರು ವಾರಕ್ಕೊಮ್ಮೆ. ಹಿಗ್ಗದೆ ಪಟ್ಟನೆ ತುಂಡಾದರೆ ಪ್ರೋಟೀನ್ ನಿಲ್ಲಿಸಿ ತೇವ ಕೊಡುವ ಮಾಸ್ಕ್ ಹಚ್ಚಿ. ಪ್ರೋಟೀನ್ ಅತಿಯಾದರೂ ಕೂದಲು ಹುಲ್ಲಿನಂತೆ ಬಿರುಸಾಗುತ್ತದೆ. ಗಮ್‌ನಂತಾದ ಕೂದಲಿಗೆ ಮತ್ತೆ ಬ್ಲೀಚ್ ಹಚ್ಚಲು ಯಾರು ಹೇಳಿದರೂ ಒಪ್ಪಬೇಡಿ.

ಮನೆಯಲ್ಲಿ ಬುಡಕ್ಕೆ ಬಣ್ಣ ಹಚ್ಚುವವರು ಮಾಡುವ ದೊಡ್ಡ ತಪ್ಪು ಪ್ರತಿ ಸಲವೂ ತುದಿಯವರೆಗೆ ಎಳೆಯುವುದು. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, 30 ಸೆಂ.ಮೀ. ಕೂದಲಿನ ತುದಿಗೆ ಎರಡು ವರ್ಷಕ್ಕೂ ಹೆಚ್ಚು ವಯಸ್ಸು. ತಿಂಗಳಿಗೊಮ್ಮೆ ಎಳೆದರೆ ಆ ತುದಿ ಇಪ್ಪತ್ತಕ್ಕೂ ಹೆಚ್ಚು ಸಲ ಪೆರಾಕ್ಸೈಡ್ ಕಂಡಿರುತ್ತದೆ. ತುದಿ ಕಪ್ಪುಗಟ್ಟುವುದು, ಬುಡ ತಿಳಿಯಾಗಿ ಕಾಣುವುದು ಇದರಿಂದಲೇ. ಹೊಸದಾಗಿ ಬೆಳೆದ ಬುಡಕ್ಕಷ್ಟೇ ಬ್ರಷ್‌ನಲ್ಲಿ ಹಚ್ಚಿ, ಹಳೆಯ ಬಣ್ಣದ ಗೆರೆ ದಾಟದಂತೆ ಉಳಿದ ಉದ್ದಕ್ಕೆ ಕಂಡಿಷನರ್ ಸವರಿಡಿ. ಹಿಂದೆ ಲೋಹದ ಲವಣ ಬೆರೆತ ಮದರಂಗಿ ಪುಡಿ ಹಚ್ಚಿದ್ದರೆ, ಕತ್ತರಿಸಿದ ಕೆಲವು ಎಳೆಗಳ ಮೇಲೆ ಮೊದಲು ಪ್ರಯೋಗಿಸಿ. ಪೆರಾಕ್ಸೈಡ್ ತಾಗಿ ಬಿಸಿಯಾದರೆ ತಲೆಗೆ ಹಚ್ಚುವಂತಿಲ್ಲ. ಪ್ರತಿ ಸಲವೂ, ಹತ್ತು ವರ್ಷದಿಂದ ಅದೇ ಬಣ್ಣ ಬಳಸುತ್ತಿದ್ದರೂ, ಪೊಟ್ಟಣದಲ್ಲಿ ಹೇಳಿದಂತೆ 48 ಗಂಟೆ ಮೊದಲು ಮೊಣಕೈ ಮಡಿಕೆಯಲ್ಲಿ ಪರೀಕ್ಷೆ ಮಾಡಿ. ಇಂಥ ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪಿಪಿಡಿ ಎಂಬ ರಾಸಾಯನಿಕದ ಅಲರ್ಜಿ ವರ್ಷಗಳ ಬಳಕೆಯ ನಂತರವೂ ಬರುತ್ತದೆ, ಕೆಲವರಿಗೆ ಮುಖ ಊದಿ ಆಸ್ಪತ್ರೆ ಸೇರುವಷ್ಟು. ತುರಿಕೆ, ಕೆಂಪು, ಗುಳ್ಳೆ ಕಂಡರೆ ಆ ಬಣ್ಣ ಅಲ್ಲಿಗೇ ಬಿಡಿ. ಕಲಸಿ ಉಳಿದದ್ದನ್ನು ಮುಂದಿನ ತಿಂಗಳಿಗೆ ಎತ್ತಿಡಬೇಡಿ: ಅದರ ಶಕ್ತಿ ಒಂದು ಗಂಟೆಯೊಳಗೆ ಮುಗಿದಿರುತ್ತದೆ, ಬಿರಡೆ ಬಿಗಿದಿಟ್ಟರೆ ಒಳಗೆ ಅನಿಲ ತುಂಬಿ ಬಾಟಲಿ ಒಡೆಯಬಹುದು.