ಇಂಟೆಲ್‌ಸ್ಯಾಟ್ ಈಗ ಯಾರದ್ದು?

ಉಪಗ್ರಹಗಳ ಮೂಲಕ ಫೋನ್, ಟಿವಿ ಸಂಪರ್ಕ ಸಾಗಿಸುವ ಇಂಟೆಲ್‌ಸ್ಯಾಟ್ ಮುಳುಗಿತಾ, ಮಾರಾಟವಾಯಿತಾ, ಇನ್ನೂ ಇದೆಯಾ? 2025ರ ಜುಲೈ 17ರಂದು ಲಕ್ಸೆಂಬರ್ಗ್‌ನ ಎಸ್‌ಇಎಸ್ ಕಂಪನಿ 310 ಕೋಟಿ ಡಾಲರ್‌ಗೆ ಅದನ್ನು ಕೊಂಡುಕೊಂಡಿತು. ಅಂದಮೇಲೆ ಕತೆ ಮುಗಿಯಿತು ಅನ್ನಿಸಬಹುದು. ಆದರೆ ಆ ಹೆಸರಿನ ಹಿಂದೆ ಇರುವುದು ಒಂದಲ್ಲ, ಎರಡು. ಗೊಂದಲ ಶುರುವಾಗುವುದೇ ಅಲ್ಲಿಂದ.

ಮೊದಲನೆಯದು ಕಂಪನಿಯೇ ಅಲ್ಲ. 1964ರ ಆಗಸ್ಟ್‌ನಲ್ಲಿ 11 ದೇಶಗಳು ಪಾಲು ಹಾಕಿ ಕಟ್ಟಿಕೊಂಡ ಸಂಸ್ಥೆ ಅದು. ಮರುವರ್ಷ ಏಪ್ರಿಲ್‌ನಲ್ಲಿ ಹಾರಿದ ಅದರ ಮೊದಲ ಉಪಗ್ರಹ 'ಅರ್ಲಿ ಬರ್ಡ್' 240 ಫೋನ್ ಕರೆ ಸಾಗಿಸುತ್ತಿತ್ತು, ಇಲ್ಲವೇ ಒಂದು ಟಿವಿ ಚಾನೆಲ್. ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ.

ಬಾಹ್ಯಾಕಾಶ ಯಾನದ ನಂಟು ಬೆಳೆದದ್ದು ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಅಪೊಲೊ ಯೋಜನೆಯ ಕಾಲದಲ್ಲಿ. ನಾಸಾಗೆ ನೌಕೆಗಳ ಮೇಲೆ ಕಣ್ಣಿಡುವ ಕೇಂದ್ರಗಳಿದ್ದ ಆಸ್ಟ್ರೇಲಿಯಾದ ಕಾರ್ನಾರ್ವನ್, ಅಸೆನ್ಷನ್ ದ್ವೀಪ ಮತ್ತು ಸಮುದ್ರದಲ್ಲಿದ್ದ ಹಡಗುಗಳ ಜೊತೆ ಗಟ್ಟಿ ಸಂಪರ್ಕ ಬೇಕಿತ್ತು. ಎರಡನೇ ತಲೆಮಾರಿನ ಇಂಟೆಲ್‌ಸ್ಯಾಟ್ ಉಪಗ್ರಹಗಳು ತಯಾರಾಗಿದ್ದೇ ಬಹುಮಟ್ಟಿಗೆ ಆ ಗಿರಾಕಿಗಾಗಿ. 1969ರಲ್ಲಿ ಚಂದ್ರನ ಮೇಲಿನ ನಡಿಗೆಯ ಚಿತ್ರದ ಬಹುಭಾಗ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕಕ್ಕೆ ಬಂದು, ಸಿಡ್ನಿ ಮೂಲಕ ಮೊರೀ ಭೂಕೇಂದ್ರ ತಲುಪಿ, ಅಲ್ಲಿಂದ ಪೆಸಿಫಿಕ್ ಮೇಲಿದ್ದ ಇಂಟೆಲ್‌ಸ್ಯಾಟ್‌ಗೆ ಏರಿ, ಹ್ಯೂಸ್ಟನ್‌ಗೆ ಇಳಿಯಿತು. ಯಾನಕ್ಕೆ ಸ್ವಲ್ಪ ಮುಂಚೆ ಅಟ್ಲಾಂಟಿಕ್ ಮೇಲಿನ ಉಪಗ್ರಹ ಕೈಕೊಟ್ಟಿತ್ತು. ಆಗ ನಿವೃತ್ತಿಯಾಗಿ ಮಲಗಿದ್ದ ಅರ್ಲಿ ಬರ್ಡನ್ನೇ ಎಬ್ಬಿಸಿ ಕೆಲಸಕ್ಕೆ ಹಚ್ಚಿದರು.

ಮುಂದಿನ ಇಪ್ಪತ್ತು ವರ್ಷ ಉಪಗ್ರಹಗಳು ದೊಡ್ಡದಾದವು, ಕರೆಗಳು ಅಗ್ಗವಾದವು, ಸದಸ್ಯ ದೇಶಗಳು ಹೆಚ್ಚಿದವು.

ಆಮೇಲೆ ಬಂತು 603. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ, ಅದಕ್ಕೆ ಸ್ವಲ್ಪ ಜಾಸ್ತಿ ಹೇಳ್ತೀನಿ. 1990ರ ಮಾರ್ಚ್‌ನಲ್ಲಿ ಟೈಟಾನ್ ರಾಕೆಟ್‌ನಲ್ಲಿ ಹೋದ ಇಂಟೆಲ್‌ಸ್ಯಾಟ್ 603, ವೈರಿಂಗ್ ತಪ್ಪಿನಿಂದ ರಾಕೆಟ್‌ನಿಂದ ಬಿಡಿಸಿಕೊಳ್ಳಲೇ ಇಲ್ಲ. ಕೊನೆಗೆ ತನ್ನನ್ನು ಮೇಲಕ್ಕೆ ಒಯ್ಯಬೇಕಿದ್ದ ಮೋಟಾರನ್ನು ಅಲ್ಲೇ ಬಿಟ್ಟು ಅದು ಕಳಚಿಕೊಳ್ಳಬೇಕಾಯಿತು. ಸುಮಾರು 36,000 ಕಿ.ಮೀ. ಎತ್ತರಕ್ಕೆ ಹೋಗಬೇಕಿದ್ದದ್ದು ಕೆಳಗಿನ ಕಕ್ಷೆಯಲ್ಲೇ ಸುತ್ತುತ್ತಾ ಉಳಿಯಿತು.

1992ರ ಮೇನಲ್ಲಿ ಎಂಡೆವರ್ ನೌಕೆ ತನ್ನ ಮೊದಲ ಯಾನದಲ್ಲೇ ಅದನ್ನು ಹಿಡಿಯಲು ಹೋಯಿತು. ಗಗನಯಾತ್ರಿ ಪಿಯೆರ್ ಥುಯೋಟ್ ನೌಕೆಯ ಯಾಂತ್ರಿಕ ತೋಳಿನ ತುದಿಯಲ್ಲಿ ನಿಂತು, ಇದಕ್ಕೆಂದೇ ಮಾಡಿಸಿದ್ದ ಉದ್ದನೆಯ ಸರಳನ್ನು ಉಪಗ್ರಹದ ಬುಡಕ್ಕೆ ಸಿಕ್ಕಿಸಲು ನೋಡಿದರು. ಸರಳು ತಾಗಿತು, ಚಿಲಕ ಬೀಳಲಿಲ್ಲ, ನಾಲ್ಕು ಟನ್ ತೂಕದ ಆ ಡ್ರಮ್ಮು ಓಲಾಡಿಕೊಂಡು ದೂರ ಸರಿಯಿತು. ಮರುದಿನವೂ ಅಷ್ಟೇ. ನೆಲದ ಮೇಲೆ ಎಷ್ಟೇ ಅಭ್ಯಾಸ ಮಾಡಿದರೂ ಘರ್ಷಣೆ ಪೂರ್ತಿ ಹೋಗುವುದಿಲ್ಲ. ಮೇಲೆ ಮಾತ್ರ ಬೆರಳು ತಾಗಿದರೆ ಸಾಕು, ವಸ್ತು ತೇಲಿ ಹೋಗುತ್ತದೆ.

ಆಗ ಹೊಳೆದದ್ದು ಸರಳವಾದ ಉಪಾಯ: ಕೈಯಲ್ಲೇ ಹಿಡಿಯೋಣ. ಆದರೆ ಸಮವಾಗಿ ಹಿಡಿಯಲು ಮೂರು ಜನ ಬೇಕು, ಹೊರಗೆ ಹೋಗುವ ಏರ್‌ಲಾಕ್ ಎಂಬ ಪುಟ್ಟ ಕೋಣೆ ಇದ್ದದ್ದು ಇಬ್ಬರಿಗೆ. ಕೆಳಗೆ ನೀರಿನ ತೊಟ್ಟಿಯಲ್ಲಿ ಬೇರೆ ಗಗನಯಾತ್ರಿಗಳು ಪರೀಕ್ಷೆ ಮಾಡಿ ನೋಡಿ 'ಆಗುತ್ತೆ' ಅಂದರು. ಮೇ 13ರಂದು ಥುಯೋಟ್, ರಿಕ್ ಹೀಬ್, ಟಾಮ್ ಏಕರ್ಸ್ ಮೂವರೂ ಹೊರಗೆ ಬಂದು ಕಾದು ನಿಂತರು. ಕಮಾಂಡರ್ ಡ್ಯಾನ್ ಬ್ರಾಂಡೆನ್‌ಸ್ಟೈನ್ ನೌಕೆಯನ್ನು ಮೆಲ್ಲಗೆ ಅದರ ಕೆಳಗೆ ತಂದರು. ಮೂವರೂ ಒಂದೇ ಹೊತ್ತಿಗೆ ಕೈ ಹಾಕಿದರು. ಸಿಕ್ಕಿತು! ಹೊಸ ಮೋಟಾರು ಜೋಡಿಸಿ ಒಳಗೆ ಬರುವಷ್ಟರಲ್ಲಿ 8 ಗಂಟೆ 29 ನಿಮಿಷ ಕಳೆದಿತ್ತು. ಮೂವರು ಒಟ್ಟಿಗೆ ಬಾಹ್ಯಾಕಾಶದಲ್ಲಿ ನಡೆದದ್ದು ಇವತ್ತಿಗೂ ಅದೊಂದೇ ಸಲ.

2001ರಲ್ಲಿ ಸಂಸ್ಥೆ ಖಾಸಗಿಯಾಯಿತು. ಆಗ ಅದರಲ್ಲಿ 140ಕ್ಕೂ ಹೆಚ್ಚು ದೇಶಗಳಿದ್ದವು. ದೇಶಗಳ ಒಕ್ಕೂಟ ಐಟಿಎಸ್‌ಒ ಎಂಬ ಹೆಸರಲ್ಲಿ ಮೇಲ್ವಿಚಾರಣೆಗೆ ಉಳಿಯಿತು, ಉಪಗ್ರಹಗಳೆಲ್ಲ ಹೊಸ ಕಂಪನಿಗೆ ಹೋದವು. ಎರಡನೇ ಇಂಟೆಲ್‌ಸ್ಯಾಟ್ ಅಂದರೆ ಈ ಕಂಪನಿಯೇ. 2005ರಲ್ಲಿ ಹೂಡಿಕೆ ಸಂಸ್ಥೆಗಳ ಗುಂಪೊಂದು ಸುಮಾರು 500 ಕೋಟಿ ಡಾಲರ್ ಲೆಕ್ಕದಲ್ಲಿ ಅದನ್ನು ಕೊಂಡಿತು. ಹೀಗೆ ಕೊಳ್ಳುವಾಗ ಹಣದ ದೊಡ್ಡ ಭಾಗ ಸಾಲ, ಆ ಸಾಲ ಕೂರುವುದು ಕೊಂಡವರ ತಲೆ ಮೇಲಲ್ಲ, ಕಂಪನಿಯ ತಲೆ ಮೇಲೆ. ಎಲ್ಲವೂ ಕಾನೂನಿನ ಪ್ರಕಾರವೇ, ಬಿಡಿ. ಮರುವರ್ಷ ಪ್ಯಾನಾಮ್‌ಸ್ಯಾಟ್ ಎಂಬ ಇನ್ನೊಂದು ಉಪಗ್ರಹ ಕಂಪನಿ ಅದಕ್ಕೆ ಸೇರಿತು, ಆಮೇಲೆ ಮತ್ತೆ ಮಾಲೀಕರು ಬದಲಾದರು. 2020ರ ಮೇ 13ರಂದು, ಆ ಮೂವರು ಕೈಯಲ್ಲಿ ಉಪಗ್ರಹ ಹಿಡಿದು ಸರಿಯಾಗಿ 28 ವರ್ಷಕ್ಕೆ, ಸುಮಾರು 1,500 ಕೋಟಿ ಡಾಲರ್ ಸಾಲ ಹೊತ್ತು ಕಂಪನಿ ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು.

ಅದೇ ವರ್ಷ ಫೆಬ್ರವರಿಯಲ್ಲಿ ಇನ್ನೊಂದು ಘಟನೆ ನಡೆದಿತ್ತು, ಸುದ್ದಿಯಾದದ್ದು ಕಡಿಮೆ. ಇಂಧನ ಮುಗಿಯುತ್ತಾ ಬಂದಿದ್ದ ಇಂಟೆಲ್‌ಸ್ಯಾಟ್ 901ಕ್ಕೆ ಎಂಇವಿ-1 ಎಂಬ ನೌಕೆ ಬಂದು, ಅದರ ಎಂಜಿನ್ ಬಾಯೊಳಗೆ ಕಡ್ಡಿ ತೂರಿಸಿ ಕಚ್ಚಿಕೊಂಡಿತು. 901ನ್ನು ಇಂಥದ್ದಕ್ಕೆ ಅಂತ ಮಾಡಿರಲೇ ಇಲ್ಲ. ಬೆನ್ನಿಗಂಟಿದ ನೌಕೆಯ ಬಲದಲ್ಲಿ ಅದು ಇನ್ನೂ ಐದು ವರ್ಷ ದುಡಿಯಿತು. ಕೋರ್ಟಿನಲ್ಲಿ ಲಾಯರ್‌ಗಳು ಸಾಲ ಹಂಚುತ್ತಿದ್ದಾಗಲೂ ದುಡಿಯುತ್ತಲೇ ಇತ್ತು.

2022ರಲ್ಲಿ ಸಾಲ ಅರ್ಧಕ್ಕೆ ಇಳಿಸಿಕೊಂಡು ಕಂಪನಿ ಹೊರಬಂತು, ಮೂರು ವರ್ಷಕ್ಕೆ ಎಸ್‌ಇಎಸ್ ಕೈ ಸೇರಿತು. ಜೊತೆಗೆ ಹೋದದ್ದರಲ್ಲಿ 2023ರಲ್ಲಿ ಹಾರಿದ ಇಂಟೆಲ್‌ಸ್ಯಾಟ್ 40ಇ ಕೂಡ ಇದೆ. ಅದರ ಮೇಲೆ ನಾಸಾದ ಟೆಂಪೊ ಉಪಕರಣ ಬಾಡಿಗೆಗೆ ಕೂತಿದೆ. ಹಗಲು ಹೊತ್ತು ಗಂಟೆಗೊಮ್ಮೆ ಉತ್ತರ ಅಮೆರಿಕದ ಗಾಳಿ ಎಷ್ಟು ಕೆಟ್ಟಿದೆ ಅಂತ ಅಳೆಯುತ್ತದೆ. ಮನೆ ಮಾಲೀಕ ಬದಲಾಗಿದ್ದಾನೆ, ಬಾಡಿಗೆದಾರ ಅಲ್ಲೇ ಇದ್ದಾನೆ.