ಕಟ್ಟಡ ಮುಗಿದ ಮೇಲೆ ಉಳಿದ ಜಾಗ

ಕಾಂಕ್ರೀಟ್ ಹಾಸಿದ ಯಾವುದಾದರೂ ಶಾಲೆಯ ಅಂಗಳವನ್ನು ಬಿಸಿಲೇರಿದ ಹೊತ್ತಿನಲ್ಲಿ ನೋಡಿ. ಬೆಲ್ ಹೊಡೆಯುತ್ತದೆ, ಮಕ್ಕಳು ಹೊರಗೆ ಓಡಿ ಬರುತ್ತಾರೆ. ಹತ್ತಾರು ಜನ ನಡುವೆ ಚೆಂಡು ಒದೆಯುತ್ತಾರೆ. ಉಳಿದವರೆಲ್ಲ ಗೋಡೆಗೆ ಅಂಟಿಕೊಂಡು ಸಾಲಾಗಿ ಕೂರುತ್ತಾರೆ, ಏಕೆಂದರೆ ನೆರಳಿರುವುದು ಅಲ್ಲಿ ಮಾತ್ರ. ಅಷ್ಟು ದೊಡ್ಡ ಅಂಗಳದಲ್ಲಿ ಹೆಚ್ಚಿನವರ ಪಾಲಿಗೆ ಬರುವುದು ಗೋಡೆಯ ಬುಡದ ಎರಡಡಿ ಜಾಗ.

ಇದನ್ನು ಯಾರೂ ಬೇಕಂತಲೇ ಮಾಡಿರುವುದಿಲ್ಲ. ಕಟ್ಟಡದ ಪ್ಲಾನ್ ಮೊದಲು ಬರುತ್ತದೆ. ಉಳಿದ ಖಾಲಿ ಚೌಕದ ಮೇಲೆ ‘ಆಟದ ಮೈದಾನ’ ಎಂದು ಬರೆದುಬಿಡುತ್ತಾರೆ. ಅಷ್ಟೊತ್ತಿಗೆ ದುಡ್ಡೂ ಮುಗಿದಿರುತ್ತದೆ. ಆದರೆ ಶುರುವಿನಲ್ಲಿ ಹೀಗಿರಲಿಲ್ಲ.

1820ರ ದಶಕದಲ್ಲಿ ಬ್ರಿಟನ್ನಿನ ಶಿಶುಶಾಲೆಗಳಿಗಾಗಿ ದುಡಿದ ಸ್ಯಾಮ್ಯುಯೆಲ್ ವಿಲ್ಡರ್‌ಸ್ಪಿನ್ ಅಂಗಳವನ್ನೂ ತರಗತಿಯಷ್ಟೇ ಮುಖ್ಯ ಎಂದು ನೋಡಿದರು. ತಿರುಗುವ ಉಯ್ಯಾಲೆ ಇರಬೇಕು, ಅಂಚಿನುದ್ದಕ್ಕೂ ಹೂವಿನ ಗಿಡ ಇರಬೇಕು. ಕೈಗೆ ಸಿಗುವಂತಿದ್ದರೂ ಮಕ್ಕಳು ಕೀಳದೆ ಬಿಡಲು ಕಲಿಯಲಿ ಎನ್ನುವುದು ಅವರ ಆಸೆ. 1837ರಲ್ಲಿ ಜರ್ಮನಿಯ ಬ್ಲಾಂಕನ್‌ಬುರ್ಗ್‌ನಲ್ಲಿ ಫ್ರೀಡ್ರಿಕ್ ಫ್ರೋಬೆಲ್ ಮಕ್ಕಳಿಗಾಗಿ ಶಾಲೆ ತೆರೆದರು. ಮೂರು ವರ್ಷದ ನಂತರ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ತೋಟ ಎಂದದ್ದು ಸುಮ್ನೆ ಅಲಂಕಾರಕ್ಕಲ್ಲ. ಪ್ರತಿ ಮಗುವಿಗೂ ತನ್ನದೇ ಒಂದು ಪುಟ್ಟ ಮಡಿ, ಆ ಮಡಿಗಳ ಸುತ್ತ ಎಲ್ಲರಿಗೂ ಸೇರಿದ ತೋಟ.

ಈ ಮಣ್ಣು ಮಾಯವಾದದ್ದು ನಗರಗಳು ಉಬ್ಬಿದಾಗ. ಕಡ್ಡಾಯ ಶಿಕ್ಷಣ ಬಂತು, ಮಕ್ಕಳ ಸಂಖ್ಯೆ ಏರಿತು, ಜಾಗ ದುಬಾರಿಯಾಯಿತು. ಲಂಡನ್ನಿನ ಕೆಲವು ಶಾಲೆಗಳಲ್ಲಿ ಆಟದ ಅಂಗಳ ತಾರಸಿಯ ಮೇಲೆ ಹೋಯಿತು. ಕೆಳಗಿನ ಅಂಗಳ ಡ್ರಿಲ್ ಮಾಡಿಸುವ ಜಾಗವಾಯಿತು. ಗಟ್ಟಿ ನೆಲದಲ್ಲಿ ಕೆಸರಿಲ್ಲ, ಗುಡಿಸುವುದು ಸುಲಭ, ಒಬ್ಬ ಮೇಷ್ಟ್ರು ಒಂದೇ ಕಡೆ ನಿಂತು ಎಲ್ಲರನ್ನೂ ನೋಡಬಹುದು. ಕಾಂಕ್ರೀಟಿನ ಪರವಾಗಿ ಇಂದಿಗೂ ಹೇಳುವ ಮಾತು ಇದೇ. ಅದು ಸುಳ್ಳೂ ಅಲ್ಲ. ಆದರೆ ಅದರಲ್ಲಿ ಮಕ್ಕಳ ಆಟದ ಮಾತೇ ಇಲ್ಲ, ಅಲ್ವಾ?

ನಡುವೆ ಕ್ಷಯರೋಗದ ಭಯ, ಒಳ್ಳೆ ಗಾಳಿ ಬಿಸಿಲು ಸಿಗಲಿ ಎಂದು, ತರಗತಿಯನ್ನೇ ಬಯಲಿಗೆ ತಂದಿತು. 1904ರಲ್ಲಿ ಬರ್ಲಿನ್ ಪಕ್ಕದ ಶಾರ್ಲೊಟನ್‌ಬುರ್ಗ್‌ನಲ್ಲಿ ಕಾಡಿನ ಶಾಲೆ ಶುರುವಾಯಿತು. ಅದಕ್ಕೂ ಮೊದಲು, 1901ರಲ್ಲೇ, ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು ಮರದ ಕೆಳಗೆ ಪಾಠ ಶುರು ಮಾಡಿದ್ದರು, ಅದರ ಕಾರಣ ಬೇರೆ. ಕ್ಷಯಕ್ಕೆ ಔಷಧ ಬಂದ ಮೇಲೆ ಯುರೋಪಿನ ಬಯಲು ಶಾಲೆಗಳು ಒಂದೊಂದಾಗಿ ಒಳಗೆ ಸರಿದವು.

ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವವರು ಡೆನ್ಮಾರ್ಕಿನ ಸಿ. ಟಿ. ಸೋರೆನ್‌ಸೆನ್. ಉದ್ಯಾನ, ಬಯಲುಗಳ ವಿನ್ಯಾಸ ಅವರ ಕೆಲಸ. ತಾವು ಅಂದವಾಗಿ ಮಾಡಿಕೊಟ್ಟ ಆಟದ ಜಾಗಗಳಿಗಿಂತ ಕಟ್ಟಡ ಕೆಲಸ ನಡೆಯುವ ಕಡೆ, ಹಳೆ ಸಾಮಾನಿನ ರಾಶಿಯಲ್ಲಿ, ಮಕ್ಕಳು ಜಾಸ್ತಿ ಖುಷಿಯಾಗಿ ಆಡುವುದನ್ನು ಅವರು ಗಮನಿಸಿದರು. ಮಕ್ಕಳನ್ನು ಗದರಲಿಲ್ಲ, ತಮ್ಮ ವಿನ್ಯಾಸವನ್ನೇ ಬದಲಿಸಿಕೊಂಡರು. 1943ರಲ್ಲಿ, ದೇಶ ಜರ್ಮನ್ ಸೇನೆಯ ವಶದಲ್ಲಿದ್ದಾಗಲೇ, ಕೋಪನ್‌ಹೇಗನ್ನಿನ ಎಂಡ್ರಪ್‌ನಲ್ಲಿ ಗುಜರಿ ಆಟದ ಮೈದಾನ ತೆರೆಯಿತು. ಹಲಗೆ, ಇಟ್ಟಿಗೆ, ಮಣ್ಣು, ನೀರು, ಜೊತೆಗೆ ಕಣ್ಣಿಡಲು ಒಬ್ಬ ದೊಡ್ಡವರು. ಉಳಿದದ್ದನ್ನು ಮಕ್ಕಳೇ ಕಟ್ಟಿಕೊಂಡರು. ಯುದ್ಧ ಮುಗಿದ ಮೇಲೆ ಇದನ್ನು ಕಂಡ ಬ್ರಿಟನ್ನಿನ ಉದ್ಯಾನ ವಿನ್ಯಾಸಕಿ ಲೇಡಿ ಅಲೆನ್, ತಮ್ಮ ದೇಶದಲ್ಲಿ ಬಾಂಬ್ ಬಿದ್ದು ಪಾಳಾದ ನಿವೇಶನಗಳಲ್ಲೂ ಇಂಥವು ಆಗಲಿ ಎಂದು ಹೋರಾಡಿದರು.

1947ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಬೆರ್ಟೆಲ್‌ಮನ್‌ಪ್ಲೈನ್ ಎಂಬ ಚೌಕದಲ್ಲಿ ವಾಸ್ತುಶಿಲ್ಪಿ ಆಲ್ಡೋ ವಾನ್ ಐಕ್ ತಮ್ಮ ಮೊದಲ ಆಟದ ಜಾಗ ಮಾಡಿದರು. ಮರಳಿನ ಗುಂಡಿ, ಅದರ ಸುತ್ತ ಅಗಲವಾದ ತಗ್ಗು ಕಾಂಕ್ರೀಟ್ ಕಟ್ಟೆ. ಆ ಕಟ್ಟೆಯನ್ನೇ ಸ್ವಲ್ಪ ನೋಡಿ. ಮಗು ಅದರ ಮೇಲೆ ಮರಳಿನ ಉಂಡೆ ಇಡಬಹುದು, ಓಡಬಹುದು, ಸುಮ್ಮನೆ ಕೂರಬಹುದು. ತಾಯಿಗೂ ಅದೇ ಕೂರುವ ಜಾಗ. ಪಕ್ಕದಲ್ಲಿ ಪಲ್ಟಿ ಹೊಡೆಯಲು ಕಬ್ಬಿಣದ ಕಂಬಿಗಳು. ಇದನ್ನು ನೋಡಿ ನಮ್ಮ ಬೀದಿಗೂ ಬೇಕು ಎಂದು ಜನ ನಗರಸಭೆಗೆ ಪತ್ರ ಬರೆದರು. ಮೂವತ್ತು ವರ್ಷಗಳಲ್ಲಿ ಇಂಥ 700ಕ್ಕೂ ಹೆಚ್ಚು ಜಾಗಗಳಾದವು, ಎಷ್ಟೋ ಕಡೆ ಎರಡು ಮನೆಗಳ ನಡುವಿನ ಹಾಳು ಸಂದಿಯಲ್ಲೇ.

ಶಾಲೆಯ ಅಂಗಳದ ದುರಸ್ತಿಗೆ ದಾರಿ ತೋರಿಸಿದ್ದು ಅಮೆರಿಕದ ಬರ್ಕ್ಲಿಯ ವಾಷಿಂಗ್ಟನ್ ಶಾಲೆ. 1970ರ ದಶಕದ ಶುರುವಿನಲ್ಲಿ ವಿನ್ಯಾಸಕ ರಾಬಿನ್ ಮೂರ್ ಅವರ ಜೊತೆ ಮಕ್ಕಳು, ಪೋಷಕರು, ಶಿಕ್ಷಕರು ಸೇರಿ ಒಂದೂವರೆ ಎಕರೆ ಡಾಂಬರು ಅಂಗಳದ ಒಂದು ಭಾಗವನ್ನು ಅಗೆದು ಗಿಡಮರ, ಕೊಳ ಮಾಡಿದರು. ಒಂದೇ ಬೇಸಿಗೆಯಲ್ಲಿ ಮುಗಿಸಲಿಲ್ಲ, ವರ್ಷಗಟ್ಟಲೆ ಮಾಡಿದರು. ಗುತ್ತಿಗೆ ಕೊಟ್ಟು ಎರಡು ತಿಂಗಳಲ್ಲಿ ಮುಗಿಸುವ ಅಂಗಳಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ ಅನ್ನಿಸುತ್ತದೆ. ಗಿಡ ನೆಟ್ಟವರೇ ಅದಕ್ಕೆ ನೀರು ಹಾಕುತ್ತಾರೆ.

ಈಗ ಹೊಸ ಕಾರಣವೊಂದು ಸೇರಿದೆ, ಸೆಕೆ. ಪ್ಯಾರಿಸ್‌ನಲ್ಲಿ ಶಾಲೆಗಳ ಅಂಗಳಗಳೇ 70 ಹೆಕ್ಟೇರ್‌ಗಿಂತ ಜಾಸ್ತಿ. ಅವುಗಳಲ್ಲಿ ಬಹುಪಾಲು ಡಾಂಬರು. ಹಗಲಿಡೀ ಕಾದು ರಾತ್ರಿಯೂ ಬಿಸಿ ಉಗುಳುವ ನೆಲ, ಮಳೆ ಬಂದರೆ ನೀರು ಇಂಗದೆ ಚರಂಡಿಗೆ. ಅದಕ್ಕೇ 2018ರಿಂದ ‘ಓಯಸಿಸ್’ ಯೋಜನೆಯಲ್ಲಿ ಡಾಂಬರು ಕಿತ್ತು ಮಣ್ಣು, ಮರದ ಚಕ್ಕೆ, ನೆರಳು ತರುತ್ತಿದ್ದಾರೆ. ಪಾಠ ಇಲ್ಲದ ದಿನ ಅಂಗಳ ಸುತ್ತಲಿನ ಜನಕ್ಕೂ ತೆರೆಯಲಿ ಎನ್ನುವುದೂ ಅದರಲ್ಲಿ ಸೇರಿದೆ.

ಶಾಲೆಯೇ ಊರಿನ ಸಮುದಾಯ ಭವನವೂ ಆಗಬೇಕು ಎನ್ನುವ ಯೋಚನೆ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್‌ಶೈರ್‌ನಲ್ಲಿ ಶಿಕ್ಷಣ ಅಧಿಕಾರಿ ಹೆನ್ರಿ ಮೋರಿಸ್ 1924ರಲ್ಲೇ ಇದನ್ನು ಬರೆದಿಟ್ಟರು. 1930ರಲ್ಲಿ ಸಾಸ್ಟನ್ ಎಂಬ ಹಳ್ಳಿಯಲ್ಲಿ ಮೊದಲ ‘ಗ್ರಾಮ ಕಾಲೇಜು’ ತೆರೆಯಿತು. ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ಅದೇ ಕಟ್ಟಡ. ಇದು ನಡೆಯುವುದೋ ಇಲ್ಲವೋ ಎನ್ನುವುದು ಸಣ್ಣ ಸಣ್ಣ ವಿಷಯಗಳ ಮೇಲೆ ನಿಂತಿದೆ. ಶೌಚಾಲಯಕ್ಕೆ ಅಂಗಳದ ಕಡೆಯಿಂದ ಒಂದು ಬಾಗಿಲು ಬೇಕು. ಇಲ್ಲದಿದ್ದರೆ ಸಂಜೆ ಇಡೀ ಕಟ್ಟಡದ ಬೀಗ ತೆಗೆಯಬೇಕು. ಹೊರಗೆ ಒಂದು ನಲ್ಲಿ, ರಸ್ತೆಯ ಕಡೆ ಒಂದು ಚಿಕ್ಕ ಗೇಟು, ಆ ಗೇಟಿನ ಬೀಗದ ಕೈ ಇಟ್ಟುಕೊಳ್ಳಲು ಹತ್ತಿರದಲ್ಲೇ ಇರುವ ಒಬ್ಬರು. ಇಷ್ಟನ್ನು ಪ್ಲಾನ್ ಹಾಕುವಾಗಲೇ ಕೇಳಿಬಿಟ್ಟರೆ ಆಮೇಲೆ ಗೋಡೆ ಒಡೆಸುವ ಕೆಲಸ ತಪ್ಪುತ್ತದೆ.