ಹೊಳೆ ಇಳಿದ ಮೇಲೆ ಬೀಳುವ ಗೋಡೆ

2019ರ ಆಗಸ್ಟ್. ಮಲಪ್ರಭೆ ಇಳಿದು ನಾಲ್ಕು ದಿನ ಆಗಿತ್ತು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಗಂಜಿ ಕೇಂದ್ರದಿಂದ ವಾಪಸ್ ಬಂದ ಜನ ಮನೆಯೊಳಗಿನ ರಾಡಿ ಬಳಿದು ಹೊರಗೆ ಹಾಕುತ್ತಿದ್ದರು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಂದು ಮಣ್ಣಿನ ಗೋಡೆ ಕುಸಿಯಿತು. ಮಳೆ ಇಲ್ಲ, ಗಾಳಿ ಇಲ್ಲ. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. "ಹೊಳಿ ಬಂದಾಗ ಬೀಳಲಿಲ್ಲ, ಈಗ್ಯಾಕ ಬಿತ್ರಿ ಸಾಹೇಬ್ರ?" ಎಂದು ಆ ಮನೆಯ ಯಜಮಾನರು ಕೇಳಿದರು.

ನಾನು ಸಿವಿಲ್ ಎಂಜಿನಿಯರ್. ಗದಗ, ಬಾಗಲಕೋಟೆ ಕಡೆಯ ಹೊಳೆ ದಂಡೆಯ ಊರುಗಳಲ್ಲಿ ಮನೆ ನೋಡುವುದು, ಗೋಡೆ ತಟ್ಟಿ ನೋಡುವುದು ನನ್ನ ಕೆಲಸ. ಈ ಪ್ರಶ್ನೆಯನ್ನು ಎಷ್ಟೋ ಮಂದಿ ಕೇಳಿದ್ದಾರೆ.

ಉತ್ತರ ಹೀಗಿದೆ. ನೀರು ತುಂಬಿ ನಿಂತಾಗ ಗೋಡೆಯ ಎರಡೂ ಕಡೆ ನೀರಿರುತ್ತದೆ. ಒಳಗಿನ ನೀರು ಹೊರಕ್ಕೆ ಒತ್ತುತ್ತದೆ, ಹೊರಗಿನದು ಒಳಕ್ಕೆ ಒತ್ತುತ್ತದೆ. ಹಾಗಾಗಿ ಗೋಡೆ ನಿಂತಿರುತ್ತದೆ. ನೀರು ಇಳಿದಾಗ ಆ ಆಸರೆ ಹೋಗುತ್ತದೆ, ಆದರೆ ಗೋಡೆಯ ಬುಡದ ಎರಡು ಮೂರು ಅಡಿ ಮಣ್ಣು ಇನ್ನೂ ಮುದ್ದೆಯಾಗಿಯೇ ಇರುತ್ತದೆ. ಬಿಸಿಲಿಗೆ ಹೊರಗಿನ ಮೈ ಬೇಗ ಒಣಗಿ ಬಿರುಕು ಬಿಡುತ್ತದೆ, ಒಳಗಿನದು ಹಸಿಯಾಗಿಯೇ ಉಳಿಯುತ್ತದೆ. ಇದರ ಮೇಲೆ ಮಾಳಿಗೆಯ ಭಾರ ಬೇರೆ. ನಮ್ಮ ಕಡೆಯ ಹಳೆ ಮನೆಗಳಲ್ಲಿ ತೊಲೆ, ಜಂತಿ ಹಾಕಿ ಮೇಲೆ ಒಂದಡಿಯಷ್ಟು ಕರಲು ಮಣ್ಣು ಹಾಕಿರುತ್ತಾರೆ, ಅಲ್ವಾ? 10 ಅಡಿಗೆ 12 ಅಡಿ ಕೋಣೆ ಅಂದರೆ ಒಣ ಮಣ್ಣೇ 5 ಟನ್‌ಗೂ ಜಾಸ್ತಿ. ಮಳೆಗೆ ನೆನೆದರೆ ಇನ್ನೊಂದು ಟನ್ ಸೇರುತ್ತದೆ. ಮಾಳಿಗೆ ಮರದ ಕಂಬಗಳ ಮೇಲೆ ನಿಂತಿದ್ದರೆ ಗೋಡೆ ಬಿದ್ದರೂ ಸೂರು ಉಳಿಯಬಹುದು. ಗೋಡೆಯ ಮೇಲೇ ಕೂತಿದ್ದರೆ ಎಲ್ಲ ಒಟ್ಟಿಗೆ ಬರುತ್ತದೆ.

ಅದಕ್ಕೇ ಬಿಸಿಲು ಬಿತ್ತು ಅಂತ ಒಳಗೆ ಮಲಗಬೇಡಿ. ಮೊದಲು ತೊಲೆಗಳಿಗೆ ಗಟ್ಟಿ ಕಟ್ಟಿಗೆಯ ಊರುಗೋಲು ಕೊಡಿ. ಮಾಳಿಗೆಯ ಹಸಿ ಮಣ್ಣನ್ನು ಎರಡೂ ಬದಿಯಿಂದ ಸಮವಾಗಿ, ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಒಂದೇ ಕಡೆಯಿಂದ ತೆಗೆದರೆ ಭಾರ ವಾಲುತ್ತದೆ. ಗೋಡೆಯ ಬುಡದಲ್ಲಿ ನಿಂತ ನೀರಿಗೆ ಕಾಲುವೆ ಮಾಡಿ ದೂರ ಹರಿಸಿ. ಸಿಮೆಂಟ್ ಗಿಲಾವ್ ಮಾತ್ರ ಬೇಡವೇ ಬೇಡ. ಅದು ಒಳಗಿನ ಹಸಿಯನ್ನು ಹೊರಗೆ ಬಿಡುವುದಿಲ್ಲ, ಮುಂದಿನ ಮಳೆಗಾಲದಲ್ಲಿ ಗೋಡೆ ಒಳಗಿಂದಲೇ ಕರಗುತ್ತದೆ. ಎರಡು ಮೂರು ತಿಂಗಳು ಒಣಗಲು ಬಿಟ್ಟು ಆಮೇಲೆ ಮಣ್ಣಿನದೋ ಸುಣ್ಣದ್ದೋ ಗಿಲಾವ್ ಮಾಡಿ.

ಇನ್ನೊಂದು ಮಾತು, ದಯವಿಟ್ಟು ಮನೆಯವರಿಗೆಲ್ಲ ಹೇಳಿ. ಹಗೇವಿಗೆ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಗೆ, ನೀರು ನುಗ್ಗಿದ್ದರೆ ಜೋಳ ಎಷ್ಟು ಉಳಿದಿದೆ ನೋಡೋಣ ಅಂತ ಕೆಳಗೆ ಇಳಿಯಬೇಡಿ. ಕೊಳೆತ ಕಾಳಿನಿಂದ ಹುಟ್ಟುವ ಗಾಳಿ ಉಸಿರು ಕಟ್ಟಿಸುತ್ತದೆ. ಒಬ್ಬರು ಇಳಿದು ಬಿದ್ದರೆ ಅವರನ್ನು ಎತ್ತಲು ಹೋದವರೂ ಉಳಿಯುವುದಿಲ್ಲ. ಬಾಯಿ ತೆರೆದಿಡಿ, ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಳ್ಳಿ, ಕಾಳನ್ನು ಮೇಲಿಂದಲೇ ತೆಗೆಯಿರಿ.

ಗೋಡೆ ತಡವಾಗಿ ಬೀಳುವುದರಿಂದ ಪಂಚನಾಮೆಯಲ್ಲೂ ಅನ್ಯಾಯ ಆಗುತ್ತದೆ. 2019ರಲ್ಲಿ ರಾಜ್ಯದಲ್ಲಿ 2 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹಾನಿಯಾಯಿತು. ಅವನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹಾಳಾದರೆ ಎ, ಅದಕ್ಕೆ ಆಗ 5 ಲಕ್ಷ ರೂಪಾಯಿ ಇತ್ತು. ಸ್ವಲ್ಪ ಹಾಳಾದದ್ದು ಸಿ, ಅದಕ್ಕೆ ಸಿಕ್ಕಿದ್ದು ತೀರಾ ಕಡಿಮೆ. ಅಳೆಯುವವರು ಬಂದ ದಿನ ಗೋಡೆ ನಿಂತಿದ್ದರೆ ಸಿ ಅಂತ ಬರೆದುಕೊಂಡು ಹೋಗುತ್ತಾರೆ, ಹದಿನೈದು ದಿನ ಬಿಟ್ಟು ಅದೇ ಗೋಡೆ ನೆಲಕ್ಕೆ ಬಿದ್ದಿರುತ್ತದೆ. ನೀರು ಇಳಿದ ದಿನ ಒಂದು ಫೋಟೊ, ಹದಿನೈದು ದಿನಕ್ಕೆ ಇನ್ನೊಂದು, ತಿಂಗಳಿಗೆ ಮತ್ತೊಂದು ತೆಗೆದಿಡಿ. ಇನ್ನೊಮ್ಮೆ ಬಂದು ನೋಡಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಬ್ಬೊಬ್ಬರೇ ಹೋಗಬೇಡಿ, ಇಡೀ ಓಣಿಯವರು ಕೂಡಿ ಹೋಗಿ.

ಓಣಿ ಅಂದೆ. ನನಗೆ ಜಾಸ್ತಿ ಹೇಳಬೇಕಾಗಿರುವುದು ಅದರ ಬಗ್ಗೆಯೇ. ಗೋಡೆಯ ಹಾಗೆ ಊರೂ ನೀರು ಇಳಿದ ಮೇಲೆಯೇ ಒಡೆಯುತ್ತದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆ ಉತ್ತರ ಕರ್ನಾಟಕದ ಯಾರಿಗೂ ಮರೆತಿಲ್ಲ. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. ಆಗ ಸರಕಾರ, ದಾನಿಗಳು ಸೇರಿ 'ಆಸರೆ' ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನೇ ಕಟ್ಟಿದರು. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಎಷ್ಟೋ ಕಡೆ ಮನೆಗಳು ಖಾಲಿ ಬಿದ್ದವು. ಜನ ಹೊಳೆ ದಂಡೆಗೇ ವಾಪಸ್ ಹೋದರು. ಕೊಟ್ಟರೂ ಇರಲಿಲ್ಲ ಅಂತ ಹೊರಗಿನವರು ಅವರನ್ನೇ ಬೈದರು. ಅದು ತಪ್ಪು.

ಕಾರಣಗಳು ಕಣ್ಣಿಗೆ ಕಾಣುವಂತೆಯೇ ಇದ್ದವು. ರೈತರ ಮನೆ ಅಂದರೆ ಎತ್ತು, ಎಮ್ಮೆ ಕಟ್ಟಲು ಜಾಗ ಬೇಕು. ಬಣವೆಗೆ, ತಿಪ್ಪೆಗೆ, ಕುಳ್ಳು ಒಟ್ಟಲು ಜಾಗ ಬೇಕು. ಹೊಲ ದೂರವಾದರೆ ರಾತ್ರಿ ನೀರು ಹಾಯಿಸಲು ಯಾರು ಹೋಗಬೇಕು? ಮೂವರು ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದರೆ ಲೆಕ್ಕದಲ್ಲಿ ಒಂದೇ ಕುಟುಂಬ, ಒಂದೇ ಮನೆ. ಎಷ್ಟೋ ಕಡೆ ನೆಲ ಎರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಅದು. ಪಾಯವನ್ನು ಆಳಕ್ಕೆ ಇಳಿಸಿ ಗರಸು ತುಂಬದಿದ್ದರೆ ಎರಡೇ ವರ್ಷಕ್ಕೆ ಗೋಡೆ ಸೀಳುತ್ತದೆ.

ಇವಕ್ಕೆಲ್ಲ ಎಂಜಿನಿಯರ್ ಹತ್ತಿರ ಉತ್ತರ ಇದೆ. ಆದರೆ ಒಬ್ಬ ಅಜ್ಜಿ ನನಗೆ ಹೇಳಿದ ಮಾತಿಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಊರಿನಲ್ಲಿ ಚೀಟಿ ಎತ್ತಿ ಮನೆ ಹಂಚಿದ್ದರು. ಜಗಳ ಬೇಡ, ಎಲ್ಲರಿಗೂ ಸಮ ಇರಲಿ ಅಂತ. ಅಜ್ಜಿಗೆ ಬಂದದ್ದು ಕೊನೆಯ ಸಾಲಿನ ಮನೆ. "ಯಪ್ಪಾ, ಮನಿ ಚಲೋ ಐತಿ. ಆದ್ರ ಎದುರಿಗೆ ಯಾರು ಅದಾರ ನನಗ ಗೊತ್ತಿಲ್ಲ. ರಾತ್ರಿ ಎದಿ ಹಿಡದ್ರ ಯಾರನ್ನ ಕೂಗ್ಲಿ?"

ಹಳೆ ಓಣಿಯಲ್ಲಿ ಅವರು ಕೂಗಿದರೆ ಆರು ಮನೆಗೆ ಕೇಳುತ್ತಿತ್ತು. ಒಬ್ಬರ ಮನೆಯಿಂದ ಮಜ್ಜಿಗೆ ಬರುತ್ತಿತ್ತು, ಇನ್ನೊಬ್ಬರ ಮಗು ಅವರ ಮಡಿಲಲ್ಲಿ ಬೆಳೆಯುತ್ತಿತ್ತು. ರಾಶಿ ಕಾಲಕ್ಕೆ ಮುಯ್ಯಾಳು ಅಂತ ಇವರು ಅವರ ಹೊಲಕ್ಕೆ, ಅವರು ಇವರ ಹೊಲಕ್ಕೆ ಹೋಗುತ್ತಿದ್ದರು. ನೆರೆ ಬಂದ ರಾತ್ರಿ ಅಜ್ಜಿಯನ್ನು ಹೊತ್ತುಕೊಂಡು ಹೋದವರು ಪಕ್ಕದ ಮನೆಯ ಹುಡುಗರೇ. ಬೋಟು ಬಂದದ್ದು ಮರುದಿನ. ಹೊಳೆಗೂ ಒಡೆಯಲಾಗದ ಓಣಿಯನ್ನು ನಾವು ಚೀಟಿ ಎತ್ತಿ ಒಡೆದೆವು. ಆರು ತಿಂಗಳಿಗೆ ಅಜ್ಜಿ ಹಳೆ ಮನೆಗೆ ಹೋದರು. 2019ರಲ್ಲಿ ಮತ್ತೆ ನೀರು ಬಂದಾಗ ಅದೇ ಹೊಸ ಮನೆಗಳಿಗೆ ಜನ ಓಡಿದರು. ಅಷ್ಟರಲ್ಲಿ ಅಲ್ಲಿ ಬಾಗಿಲು ಇರಲಿಲ್ಲ, ಅಂಗಳದ ತುಂಬ ಜಾಲಿ ಬೆಳೆದಿತ್ತು.

ಆಮೇಲೆ ನಾನು ಕೆಲಸದ ರೀತಿ ಬದಲಾಯಿಸಿಕೊಂಡೆ. ನಿವೇಶನದ ನಕ್ಷೆ ಮಾಡುವ ಮುಂಚೆ ಊರಿನ ಕಟ್ಟೆಯ ಮುಂದೆ ಹಳೆ ಊರನ್ನು ನೆಲದ ಮೇಲೆ ರಂಗೋಲಿ ಹುಡಿಯಲ್ಲಿ ಬರೆಸುತ್ತೇನೆ. ಒಂದೊಂದು ಮನೆಗೆ ಒಂದೊಂದು ಕಲ್ಲು. ಎಡಕ್ಕೆ ಯಾರು, ಬಲಕ್ಕೆ ಯಾರು, ಎದುರಿಗೆ ಯಾರು? ಗಂಡಸರು ದೇವಸ್ಥಾನ, ರಸ್ತೆಯಿಂದ ಶುರು ಮಾಡುತ್ತಾರೆ. ಹೆಂಗಸರನ್ನು ಬೇರೆಯಾಗಿ ಕೂರಿಸಿದರೆ ನಳ ಎಲ್ಲಿ, ಬಟ್ಟೆ ಒಗೆಯುವ ಕಲ್ಲು ಎಲ್ಲಿ, ಸಂಜೆ ಯಾರ ಕಟ್ಟೆಯ ಮೇಲೆ ಕೂರುತ್ತಾರೆ ಅನ್ನುವುದೆಲ್ಲ ಹೊರಗೆ ಬರುತ್ತದೆ. ಹಳೆ ಊರಲ್ಲಿ ದೂರ ಇಟ್ಟಿದ್ದ ಕೇರಿಯನ್ನು ಹೊಸ ಊರಲ್ಲೂ ದೂರ ಇಡಲು ಯಾರಾದರೂ ಹೊರಟರೆ ಅಲ್ಲಿ ನಾನು ಒಪ್ಪುವುದಿಲ್ಲ. ಆ ಕೇರಿಯವರನ್ನೇ ಮೊದಲು ಕೇಳುತ್ತೇನೆ, ಎಲ್ಲಿ ಇರಬೇಕು ಅಂತ ಅವರೇ ಹೇಳಬೇಕು.

ಎರಡು ಮೂರು ಗಂಟೆಯ ಕೆಲಸ ಇದು, ಖರ್ಚೇನೂ ಇಲ್ಲ. ಮುಗಿದ ಮೇಲೆ ಕಾಗದಕ್ಕೆ ಇಳಿಸಿ ಗ್ರಾಮಸಭೆಯಲ್ಲಿ ಓದಿ, ನಡಾವಳಿಗೆ ಸೇರಿಸಿ. ಹೊಳೆ ದಂಡೆಯ ಊರಾಗಿದ್ದರೆ ನೆರೆ ಬರುವ ತನಕ ಕಾಯಬೇಡಿ, ಈ ಬೇಸಿಗೆಯಲ್ಲೇ ಮಾಡಿಕೊಳ್ಳಿ. ಒಂದು ಪ್ರತಿ ಪಂಚಾಯಿತಿಯಲ್ಲಿರಲಿ. ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರು ಬಂದಾಗ ನೀವೆಲ್ಲ ಓಡಿ ಹೋಗುವ ಆ ಎತ್ತರದ ಶಾಲೆಯಲ್ಲಿ ಇಡಿ.